ನೆಟ್ ಬಂದ್ ಮಾಡುವ ಆದೇಶಕ್ಕೆ ಸಹಿ ಹಾಕುವವರಿಗೆ, ಬಾಯಾರಿನಿಂದ ಒಂದು ಬಹಿರಂಗ ಪತ್ರ

ಮಾನ್ಯರೇ,

ಈ ಪತ್ರ ಗಡಿಯ ಎರಡೂ ಬದಿಯ ಅಧಿಕಾರಿಗಳಿಗೆ ಬರೀತಾ ಇದ್ದೇನೆ, ಬೆಂಗಳೂರಿನಲ್ಲಿ ಇರುವವರಿಗೂ ತಿರುವನಂತಪುರದಲ್ಲಿ ಇರುವವರಿಗೂ. ಯಾಕಂದ್ರೆ ನಮ್ಮದು ಎರಡು ರಾಜ್ಯಕ್ಕೆ ಹಂಚಿಹೋದ ಬದುಕು. ರೇಷನ್ ಕಾರ್ಡು ಕೇರಳದ್ದು, ಆಸ್ಪತ್ರೆ ಮಂಗಳೂರಿನದ್ದು, ಮಕ್ಕಳು ಕಾಲೇಜಿಗೆ ಹೋಗುವುದು ವಿಟ್ಲ ಪುತ್ತೂರಿಗೆ, ಅಡಿಕೆ ಹಾಕುವುದು ಎಲ್ಲಿ ನಾಲ್ಕು ಕಾಸು ಜಾಸ್ತಿ ಸಿಗ್ತದೋ ಅಲ್ಲಿಗೆ, ಮನೆಗೊಬ್ಬರು ಗಲ್ಫಿನಲ್ಲಿ. ನಾನಿರುವುದು ಮಂಜೇಶ್ವರ ತಾಲೂಕಿನ ಬಾಯಾರಿನ ಹತ್ರ, ಉಪ್ಪಳದಿಂದ ಕನ್ಯಾನಕ್ಕೆ ಹೋಗುವ ರಸ್ತೆಯಲ್ಲಿ. ಜೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿ ಹಾಕಿ ಕೊಡುವ ಒಂದು ಸಣ್ಣ ಅಂಗಡಿ ಉಂಟು. ಕನ್ಯಾನ ಅಂದ್ರೆ ಕರ್ನಾಟಕ, ದಕ್ಷಿಣ ಕನ್ನಡ ಜಿಲ್ಲೆ. ಇಲ್ಲಿ ಕೆಲವು ಮನೆಗಳಲ್ಲಿ ಅಂಗಳದಲ್ಲಿ ನಿಂತ್ರೆ ಕರ್ನಾಟಕದ ಟವರ್ ಸಿಗ್ತದೆ, ಹಿಂದೆ ಹಟ್ಟಿ ಹತ್ರ ಹೋದ್ರೆ ಕೇರಳದ್ದು.

ಮೊನ್ನೆ ಒಂದು ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದ ಸಾಲಿನ ಹುಡುಗರು ಮಾತಾಡ್ತಾ ಇದ್ರು, ಉತ್ತರದಲ್ಲಿ ಎಲ್ಲೋ ನೆಟ್ ಬಂದ್ ಮಾಡಿದ್ದಾರೆ ಅಂತ. ಅದಕ್ಕೆ ಒಬ್ಬ ಹೇಳಿದ, ಅದೆಂತ ದೊಡ್ಡ ವಿಷಯ, ವಿಪಿಎನ್ ಹಾಕಿದ್ರಾಯ್ತಲ್ಲ. ಒಳ್ಳೆ ಓದಿದ ಹುಡುಗನೇ. ವಿಪಿಎನ್ ಅಂದ್ರೆ ತಡೆದಿಟ್ಟ ವೆಬ್‌ಸೈಟಿಗೆ ಸುತ್ತು ದಾರಿಯಲ್ಲಿ ಹೋಗುವ ಆ್ಯಪ್. ನಂಗೆ ಅಲ್ಲಿಂದ ತಲೆಯೊಳಗೆ ಕೊರೀಲಿಕ್ಕೆ ಶುರು ಆಯ್ತು, ಯಾಕಂದ್ರೆ ವಿಪಿಎನ್ ಹಾಕಿದ್ರಾಯ್ತು ಅಂತ ನಂಬಿದವನಿಗೆ ಬಂದ್ ಅಂದ್ರೆ ಎಂತ ಅಂತ ಗೊತ್ತಿಲ್ಲ, ಸಹಿ ಹಾಕುವ ನಿಮಗೂ ಅದು ಈ ಕಡೆಯಿಂದ ಹೇಗೆ ಕಾಣ್ತದೆ ಅಂತ ಯಾರೂ ಹೇಳಿರ್ಲಿಕ್ಕಿಲ್ಲ. ನಾನು ನೋಡಿದ್ದನ್ನು ಹೇಳ್ತೇನೆ.

2019ರ ಡಿಸೆಂಬರ್ 19, ಗುರುವಾರ. ಮಂಗಳೂರಿನಲ್ಲಿ ಪೌರತ್ವ ಕಾಯ್ದೆ ವಿರುದ್ಧದ ಪ್ರತಿಭಟನೆ, ಗೋಲಿಬಾರ್, ಇಬ್ಬರು ಸತ್ರು, ನಗರದಲ್ಲಿ ಕರ್ಫ್ಯೂ. ಆ ರಾತ್ರಿ ಹತ್ತು ಗಂಟೆಯಿಂದ 48 ಗಂಟೆ ದಕ್ಷಿಣ ಕನ್ನಡದಲ್ಲಿ ಮೊಬೈಲ್ ಇಂಟರ್ನೆಟ್ ಬಂದ್. ಮರುದಿನ ಸುದ್ದಿ ಮಾಡ್ಲಿಕ್ಕೆ ಹೋದ ಕೇರಳದ ಟಿವಿ ಪತ್ರಕರ್ತರನ್ನು ಪೊಲೀಸರು ಗಂಟೆಗಟ್ಟಲೆ ಹಿಡಿದಿಟ್ಟು ಕೊನೆಗೆ ತಲಪಾಡಿ ಗಡಿಯಲ್ಲಿ ತಂದು ಬಿಟ್ರು. ನಮ್ಮವರು ಯಾರ್ಯಾರು ಮಂಗಳೂರಿನಲ್ಲಿ ಇದ್ರೋ, ಆಸ್ಪತ್ರೆಯಲ್ಲಿ, ಹಾಸ್ಟೆಲಿನಲ್ಲಿ, ಅಂಗಡಿ ಕೆಲಸದಲ್ಲಿ, ಅವರ ಸುದ್ದಿ ಎಲ್ಲ ಬರೇ ಫೋನ್ ಕಾಲಿನಲ್ಲಿ, ಅದೂ ಲೈನ್ ಸಿಕ್ಕಿದ್ರೆ.

ನನ್ನ ಸೋದರಮಾವನಿಗೆ ಕಿಡ್ನಿಯ ತೊಂದರೆ. ಹಿಂದಿನ ದಿವಸ ಮಂಗಳೂರಿನಲ್ಲಿ ರಕ್ತ ಕೊಟ್ಟು ಬಂದಿದ್ರು, ಶುಕ್ರವಾರ ರಿಪೋರ್ಟ್ ಬರ್ಲಿಕ್ಕಿತ್ತು, ಅದನ್ನು ನೋಡಿ ಡಾಕ್ಟರು ಮಾತ್ರೆ ಜಾಸ್ತಿ ಕಮ್ಮಿ ಮಾಡುವುದು. ಯಾವತ್ತೂ ಲ್ಯಾಬಿನ ಹುಡುಗಿ ತನ್ನ ಮೊಬೈಲಿನಿಂದ ವಾಟ್ಸಾಪಿನಲ್ಲಿ ಕಳಿಸ್ತಾ ಇದ್ದದ್ದು. ಅವತ್ತು ಕಳಿಸ್ಲಿಕ್ಕೆ ಆಗ್ಲಿಲ್ಲ. ಫೋನಿನಲ್ಲಿ ಓದಿ ಹೇಳಿದ್ಳು, ಅತ್ತೆ ಕ್ಯಾಲೆಂಡರಿನ ಹಿಂದೆ ಬರ್ಕೊಂಡ್ರು. ಕ್ರಿಯಾಟಿನಿನ್ ಮೂರು ಪಾಯಿಂಟ್ ಎರಡೋ ಎರಡು ಪಾಯಿಂಟ್ ಮೂರೋ ಅಂತ ಗೊತ್ತಾಗ್ಲಿಲ್ಲ, ಲೈನ್ ಕಡೀತಾ ಇತ್ತು, ಮತ್ತೆ ಮಾಡಿದ್ರೆ ಬಿಝಿ. ಅತ್ತೆ ಎರಡೂ ಬರೆದು ಎರಡಕ್ಕೂ ಗೆರೆ ಎಳೆದು ಕೂತಿದ್ರು, ಆ ಕ್ಯಾಲೆಂಡರಿನ ಹಾಳೆ ನಂಗೆ ಇವತ್ತಿಗೂ ಕಣ್ಣೆದುರು ಉಂಟು. ಕೊನೆಗೆ ನಾನೇ ಆ ಹುಡುಗಿಗೆ ಹೇಳಿ ಎಸ್ಸೆಮ್ಮೆಸ್ ಮಾಡಿಸಿದೆ, ಒಂದೊಂದೇ ಸಾಲು. ಕಾಲು ಗಂಟೆಯ ಕೆಲಸಕ್ಕೆ ಇಡೀ ಮಧ್ಯಾಹ್ನ ಹೋಯ್ತು. ಮಾವನಿಗೆ ಎಂತ ಆಗ್ಲಿಲ್ಲ, ದೇವರು ದೊಡ್ಡವನು. ಆದ್ರೆ ಆ ಅಂಕಿಯಲ್ಲಿ ಮಾತ್ರೆಯ ಡೋಸ್ ಇತ್ತು ಸ್ವಾಮೀ.

ಶನಿವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೀವಾಗ ಹೊರಗೆ ಏಳೆಂಟು ಜನ. ಎಲ್ಲ ಗಡಿ ಆಚೆಯವರು, ಕನ್ಯಾನ ಕಡೆಯಿಂದ ಬಂದವರು. ನಮ್ಮದು ಕೇರಳ, ನಮ್ಮಲ್ಲಿ ನೆಟ್ ಇತ್ತು, ಅಂಗಡಿಗೆ ಕೇಬಲ್ ಇತ್ತು. ಒಬ್ಬಳು ಹುಡುಗಿ ಅಣ್ಣನ ಸ್ಕೂಟರಿನ ಹಿಂದೆ ಕೂತು ಬಂದಿದ್ಳು, ಮಾರ್ಕ್ಸ್ ಕಾರ್ಡುಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಎದೆಗೆ ಒತ್ತಿ ಹಿಡ್ಕೊಂಡಿದ್ಳು. ಒಂದು ಕೆಲಸದ ಅರ್ಜಿಗೆ ಅವತ್ತೇ ಕೊನೆಯ ದಿನ. ಫೋಟೋ ಸೈಜ್ ಸರಿ ಮಾಡಿ, ಸಹಿ ಸ್ಕ್ಯಾನ್ ಮಾಡಿ, ಅವಳ ಫೋನಿಗೆ ನನ್ನ ವೈಫೈ ಕೊಟ್ಟು ಫೀಸು ಕಟ್ಟಿಸಿ, ಪ್ರಿಂಟ್ ತೆಗೆದು ಕೊಟ್ಟೆ. ಅವಳು ಆ ಕಾಗದ ಎರಡು ಸಲ ಓದಿದ್ಳು. ಮತ್ತೊಬ್ರು ವಯಸ್ಸಾದ ಬ್ಯಾರಿ ಅಜ್ಜಿ, ಮಗ ಶಾರ್ಜಾದಲ್ಲಿ, ಗಲಾಟೆಯ ಸುದ್ದಿ ಅಲ್ಲಿಯ ಟಿವಿಯಲ್ಲಿ ನೋಡಿ ಅವ ಎರಡು ದಿನದಿಂದ ನಿದ್ದೆ ಮಾಡಿಲ್ಲ ಅಂತ ಯಾರೋ ಹೇಳಿದ್ರಂತೆ. ವೈಫೈ ಕನೆಕ್ಟ್ ಆಗಿ ಅವನ ಮುಖ ಬಂದದ್ದೇ ಅಜ್ಜಿ ಸ್ಕ್ರೀನಿನ ಮೇಲೆ ಕೈ ಇಟ್ಟು ಮೋನೇ ಮೋನೇ ಅಂದ್ರು, ಮತ್ತೆ ಮಾತೇ ಹೊರಡ್ಲಿಲ್ಲ.

ಅವತ್ತು ಸಂಜೆಯವರೆಗೆ ಇದೇ ಕೆಲಸ. ನಾನು ಆಗ ಅರ್ಥ ಮಾಡ್ಕೊಂಡದ್ದು ಇಷ್ಟು, ನೆಟ್ ಬಂದ್ ಆದಾಗ ಅದನ್ನು ದಾಟುವ ದಾರಿ ಅಂದ್ರೆ ಆ್ಯಪ್ ಅಲ್ಲ. ಗಡಿ ಹತ್ರ ಮನೆ ಇರಬೇಕು, ಸ್ಕೂಟರ್ ಇರಬೇಕು, ಕರ್ಕೊಂಡು ಬರ್ಲಿಕ್ಕೆ ಅಣ್ಣ ಇರಬೇಕು, ಈಚೆ ಗುರ್ತದವರು ಇರಬೇಕು. ಸುಳ್ಯದ ಒಳಗಿನ ಒಂದು ಮನೆಯ ಹುಡುಗಿಗೆ ಅದೇ ಕೊನೆಯ ದಿನ ಇದ್ದಿರಬಹುದು, ಅವಳು ಎಲ್ಲಿಗೆ ಹೋಗಿರಬಹುದು ಅಂತ ನಂಗೆ ಈಗಲೂ ಆಲೋಚನೆ ಬರ್ತದೆ. ಮತ್ತೊಂದು, ಬಂದ್ ಆದದ್ದು ಮೊಬೈಲ್ ಡೇಟಾ ಮಾತ್ರ. ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡ ಅನುಕೂಲಸ್ಥರಿಗೆ ಅಷ್ಟು ಬಿಸಿ ತಟ್ಟಲಿಲ್ಲ. ದಿನಕ್ಕೆ ಒಂದೂವರೆ ಜಿಬಿಯ ರೀಚಾರ್ಜಿನಲ್ಲಿ ಬದುಕುವ ಬೀಡಿ ಕಟ್ಟುವವರು, ಆಟೋದವರು, ಕೂಲಿಯವರು, ಅವರಿಗೆ ಪೂರ್ತಿ ಕತ್ತಲೆ.

ಈಗ ಆ ಹುಡುಗ ಹೇಳಿದ ವಿಪಿಎನ್ ವಿಷಯಕ್ಕೆ ಬರ್ತೇನೆ, ಇದು ನಿಮಗಿಂತ ಹೆಚ್ಚು ನನ್ನ ಊರಿನವರು ಓದಲಿ ಅಂತ. ಎರಡು ಬೇರೆ ಬೇರೆ ವಿಷಯ ಉಂಟು, ಬ್ಲಾಕ್ ಮಾಡುವುದು ಮತ್ತು ಬಂದ್ ಮಾಡುವುದು. ಬ್ಲಾಕ್ ಅಂದ್ರೆ ನೆಟ್ ಉಂಟು, ಒಂದು ವೆಬ್‌ಸೈಟೋ ಆ್ಯಪೋ ಮಾತ್ರ ಸಿಗದ ಹಾಗೆ ಮಾಡುವುದು. ನಾವು ಒಂದು ಹೆಸರು ಟೈಪ್ ಮಾಡಿದಾಗ ಫೋನು ಮೊದಲು ಡಿಎನ್‌ಎಸ್ ಅನ್ನುವ ವಿಳಾಸ ಪುಸ್ತಕದ ಹತ್ರ ವಿಳಾಸ ಕೇಳ್ತದೆ, ನೆಟ್ ಕಂಪೆನಿ ಅಲ್ಲಿ ತಪ್ಪು ವಿಳಾಸ ಕೊಡಬಹುದು, ಅಥವಾ ದಾರಿಯಲ್ಲಿ ಹೆಸರು ಓದಿ ತಡೀಬಹುದು. ವಿಪಿಎನ್ ಇದಕ್ಕೆ ಉಪಾಯ, ನಮ್ಮ ಕಾಗದವನ್ನು ಇನ್ನೊಂದು ಲಕೋಟೆಯೊಳಗೆ ಹಾಕಿ ಬೇರೆ ಊರಿನ ವಿಳಾಸಕ್ಕೆ ಕಳಿಸಿ ಅಲ್ಲಿಂದ ಮುಂದಕ್ಕೆ ಹಾಕಿಸಿದ ಹಾಗೆ. ಟಾರ್ ಅಂತ ಉಂಟು, ಅದು ಮೂರು ಕೈ ದಾಟಿಸಿ ಕಳಿಸ್ತದೆ, ಮೂವರಲ್ಲಿ ಯಾರಿಗೂ ಪೂರ್ತಿ ದಾರಿ ಗೊತ್ತಿರುವುದಿಲ್ಲ. ಆದ್ರೆ ಬಂದ್ ಅಂದ್ರೆ ಪೋಸ್ಟ್‌ಮ್ಯಾನೇ ಇಲ್ಲ ಅಂತ. ಲಕೋಟೆ ಹತ್ತು ಹಾಕಿದ್ರೂ ಕಾಗದ ಮೇಜಿನ ಮೇಲೆಯೇ ಇರ್ತದೆ.

ಬ್ಲಾಕ್ ಅಂದ್ರೆ ಎಂತ ಅಂತ ನಮ್ಮ ಊರಿನ ಅಮ್ಮಂದಿರಿಗೆ ಯಾರೂ ಕಲಿಸಬೇಕಾಗಿಲ್ಲ, ಅವರು ಗಲ್ಫಿನಿಂದ ಕಲ್ತಿದ್ದಾರೆ. ದುಬೈಗೆ ವಾಟ್ಸಾಪ್ ಮೆಸೇಜ್ ಹೋಗ್ತದೆ, ಕಾಲ್ ಹೋಗುವುದಿಲ್ಲ. ಅದಕ್ಕೆ ಕಾಲ್ ಮಾಡುವ ಬೇರೆ ಆ್ಯಪ್ ಹಾಕಿದ್ರು, ಐಎಂಒ ಹಾಕಿದ್ರು, ಬೋಟಿಮ್ ಹಾಕಿದ್ರು, ಒಂದು ನಿಂತ್ರೆ ಇನ್ನೊಂದು. ಅಕ್ಷರ ಓದ್ಲಿಕ್ಕೆ ಬಾರದ ಅಜ್ಜಿಯಂದಿರು ಚಿಹ್ನೆಯ ಬಣ್ಣ ನೋಡಿ ಯಾವ ಆ್ಯಪಿನಲ್ಲಿ ಯಾವ ಮಗ ಸಿಗ್ತಾನೆ ಅಂತ ಹೇಳ್ತಾರೆ. ಅಲ್ಲಿ ವಿಪಿಎನ್ ಹಾಕಿ ತಪ್ಪು ಕೆಲಸ ಮಾಡಿ ಸಿಕ್ಕಿಬಿದ್ರೆ ಐದು ಲಕ್ಷದಿಂದ 20 ಲಕ್ಷ ದಿರ್ಹಮ್ ವರೆಗೆ ದಂಡ ಅಂತ ಕಾನೂನುಂಟು, ಅದಕ್ಕೆ ನನ್ನ ಅಮ್ಮ ತಮ್ಮನ ಹತ್ರ ಪ್ರತಿ ಸಲ ಹೇಳ್ತಾರೆ, ಮಗಾ ಅದೆಲ್ಲ ಹಾಕ್ಬೇಡ, ಮುಖ ಕಾಣದಿದ್ರೂ ಅಡ್ಡಿಲ್ಲ, ನೀನು ಸುಖವಾಗಿರು. ಇದನ್ನು ಕೇಳುವಾಗ ಹೊಟ್ಟೆಯೊಳಗೆ ಸಂಕಟ ಆಗ್ತದೆ. ಪರದೇಶದಲ್ಲಿ ಹಾಗೆ, ನಮ್ಮ ದೇಶದಲ್ಲಿ ಹಾಗಿಲ್ಲ ಅಂತ ಸಮಾಧಾನ ಇತ್ತು. 2023ರ ಮೇ ತಿಂಗಳಿನಲ್ಲಿ ಕೇಂದ್ರ ಸರಕಾರ 14 ಆ್ಯಪ್‌ಗಳನ್ನು ಬ್ಲಾಕ್ ಮಾಡಿತು ಅಂತ ಸುದ್ದಿ ಬಂತು, ಕಾಶ್ಮೀರದಲ್ಲಿ ಭಯೋತ್ಪಾದಕರು ಬಳಸ್ತಾರೆ ಅಂತ ಕಾರಣ. ಆ ಪಟ್ಟಿಯಲ್ಲಿ ಐಎಂಒ ಹೆಸರೂ ಇತ್ತು. ಅವತ್ತು ನನ್ನ ಅಂಗಡಿಗೆ ಬಂದು ಕೇಳಿದವರಿಗೆ ನಾನು ಎಂತ ಹೇಳಬೇಕಿತ್ತು? ಭಯೋತ್ಪಾದನೆ ನಿಲ್ಲಿಸಬೇಕು, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ಮಗನ ಹತ್ರ ಮಾತಾಡುವ ಅಜ್ಜಿಗೂ ಅದೇ ಬಾಗಿಲು ಅಂತ ಆ ಪಟ್ಟಿ ಮಾಡಿದವರಿಗೆ ನೆನಪಿತ್ತಾ?

ಅದೇ ಪಟ್ಟಿಯಲ್ಲಿ ಬ್ರಯರ್ ಅಂತ ಇನ್ನೊಂದಿತ್ತು. ಅದು ನೆಟ್ ಇಲ್ಲದಾಗ ಬ್ಲೂಟೂತಿನಲ್ಲಿ, ವೈಫೈಯಲ್ಲಿ ಫೋನಿನಿಂದ ಫೋನಿಗೆ ಮೆಸೇಜ್ ದಾಟಿಸ್ತದೆ. 2020ರ ಲಾಕ್‌ಡೌನಿನಲ್ಲಿ, ಅಂದ್ರೆ ಬ್ಲಾಕ್ ಆಗುವ ಎಷ್ಟೋ ಮೊದಲು, ಅಕ್ಕನ ಮಗ ಅದನ್ನು ಎರಡು ಫೋನಿಗೆ ಹಾಕಿ ನೋಡಿದ್ದ. ಮನೆಯಿಂದ ಹಟ್ಟಿಗೆ ಮೆಸೇಜ್ ಹೋಯ್ತು. ಹಟ್ಟಿಯಿಂದ ತೋಟದ ಪಂಪ್‌ಶೆಡ್ಡಿಗೆ ಹೋಗ್ಲಿಲ್ಲ. ಹಾಂಕಾಂಗಿನಲ್ಲಿ 2014ರಲ್ಲಿ ಫೈರ್‌ಚಾಟ್ ಅಂತ ಇಂಥದ್ದೇ ಆ್ಯಪ್ ಕೆಲಸಕ್ಕೆ ಬಂತು, ಯಾಕಂದ್ರೆ ಅಲ್ಲಿ ಸಾವಿರಗಟ್ಟಲೆ ಜನ ಒತ್ತೊತ್ತಾಗಿ ಒಂದೇ ರಸ್ತೆಯಲ್ಲಿ ನಿಂತಿದ್ರು, ಒಬ್ಬನ ಕಿಸೆಯಿಂದ ಇನ್ನೊಬ್ಬನ ಕಿಸೆಗೆ ಮೆಸೇಜ್ ಹಾರ್ತಾ ಹೋಗ್ತದೆ. ನಮ್ಮ ಊರು ಹಾಗಲ್ಲ. ಬಯಲುಸೀಮೆಯಲ್ಲಿ ಮನೆಗೆ ಮನೆ ಅಂಟಿಕೊಂಡಿರ್ತದಂತೆ, ಇಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಮಧ್ಯ ಅಡಿಕೆ ತೋಟ, ತೋಡು, ಗುಡ್ಡ, ಕಲ್ಪಣೆ. ಬ್ಲೂಟೂತ್ ಹೋಗುವುದು ಹತ್ತಿಪ್ಪತ್ತು ಮಾರು. ಹಾಗಾಗಿ ನೆಟ್ ಬಂದ್ ಆದ್ರೆ ಮೆಶ್ ಆ್ಯಪ್, ಅಂದ್ರೆ ಹೀಗೆ ಫೋನಿನಿಂದ ಫೋನಿಗೆ ದಾಟಿಸುವ ಆ್ಯಪ್, ಉಂಟು ಅಂತ ಯಾರಾದ್ರೂ ಹೇಳಿದ್ರೆ, ಕಾಸರಗೋಡಿನ ಗುಡ್ಡದಲ್ಲಿ ಅದು ಒಂದು ಅಂಗಳ ದಾಟ್ಲಿಕ್ಕಿಲ್ಲ. ಆಸ್ಪತ್ರೆ ವಾರ್ಡಿನಲ್ಲಿ, ಹಾಸ್ಟೆಲಿನಲ್ಲಿ, ಜಾತ್ರೆಯಲ್ಲಿ ಉಪಕಾರ ಆದೀತು.

ನನ್ನ ಅಂಗಡಿಗೆ ಬರುವವರಿಗೆ ನಾನು ಹೇಳುವುದು ಇಷ್ಟೆ. ಬೇಕಾದವರ ನಂಬರು ಒಂದು ಪುಸ್ತಕದಲ್ಲಿ ಬರೆದಿಡಿ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಡಿ, ಆಸ್ಪತ್ರೆಯ ರಿಪೋರ್ಟ್ ಒಂದು ಪ್ರಿಂಟ್ ತೆಗೆದಿಡಿ, ಸ್ವಲ್ಪ ನಗದು ಕೈಯಲ್ಲಿರಲಿ. ದುಡ್ಡು ಕಳಿಸ್ಲಿಕ್ಕೆ ಫೋನಿನಲ್ಲಿ *99# ಡಯಲ್ ಮಾಡುವ ದಾರಿ ಉಂಟು, ಅದಕ್ಕೆ ಡೇಟಾ ಬೇಡ, ಕಾಲ್ ಹೋಗುವ ನೆಟ್‌ವರ್ಕ್ ಸಾಕು, ಒಂದು ಸಲಕ್ಕೆ 5000 ರೂಪಾಯಿ ವರೆಗೆ ಹೋಗ್ತದೆ, ಆದ್ರೆ ನೆಟ್ ಇರುವಾಗಲೇ ಒಮ್ಮೆ ಮಾಡಿ ನೋಡಿ ಕಲ್ತಿರಬೇಕು. ಮತ್ತೆ, ಗಲಾಟೆ ಹೊತ್ತಿನಲ್ಲಿ ಯಾರೋ ಫಾರ್ವರ್ಡ್ ಮಾಡಿದ ಲಿಂಕಿನಿಂದ ಫ್ರೀ ವಿಪಿಎನ್ ಇಳಿಸ್ಬೇಡಿ. ನಿಮ್ಮ ಎಲ್ಲ ಕಾಗದ ಅವನ ಕೈಯಲ್ಲಿ ಹಾದು ಹೋಗ್ತದೆ, ಅವನು ಯಾರು ಅಂತ ನಿಮಗೆ ಗೊತ್ತಿಲ್ಲ. ಫ್ರೀ ವಿಪಿಎನ್ ಹಾಕಿದ ಮೇಲೆ ಬ್ಯಾಂಕ್ ಆ್ಯಪ್ ಓಪನ್ ಮಾಡಿ ಕಣ್ಣೀರು ಹಾಕಿದವರು ನನ್ನ ಎದುರು ಕೂತಿದ್ದಾರೆ.

ಇನ್ನು ನಿಮ್ಮ ಹತ್ರ ಹೇಳ್ಲಿಕ್ಕಿರುವುದು.

ಗಾಳಿಸುದ್ದಿ ತಡೀಲಿಕ್ಕೆ ಬಂದ್ ಅಂತ ನೀವು ಹೇಳ್ತೀರಿ. ವಾಟ್ಸಾಪಿನ ಒಂದು ಸುಳ್ಳು ವಿಡಿಯೋದಿಂದ ಊರು ಹೊತ್ತಿ ಉರಿಯಬಹುದು, ಅದು ನಮಗೂ ಗೊತ್ತುಂಟು, ಕರಾವಳಿಯವರಿಗೆ ಅದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆದ್ರೆ ಆ ಎರಡು ದಿನ ನಮಗೆ ಬಂದ ಸುಳ್ಳು ಸುದ್ದಿ ಎಲ್ಲ ಬಾಯಿಂದ ಬಾಯಿಗೆ ಬಂದದ್ದು, ಅಲ್ಲಿ ಹಾಗಾಯ್ತಂತೆ ಇಲ್ಲಿ ಹೀಗಾಯ್ತಂತೆ ಅಂತ ಫೋನಿನಲ್ಲಿ. ಅದು ಸುಳ್ಳು ಅಂತ ಪೊಲೀಸ್ ಇಲಾಖೆ ಫೇಸ್‌ಬುಕ್ಕಿನಲ್ಲಿ ಹಾಕಿದ್ರೂ ನೋಡ್ಲಿಕ್ಕೆ ಆ ಊರಿನವರ ಹತ್ರ ನೆಟ್ ಇಲ್ಲ. ಸುಳ್ಳಿಗೆ ಕಾಲಿತ್ತು, ಸತ್ಯವನ್ನು ಕಟ್ಟಿ ಹಾಕಿದ್ದಾಗಿತ್ತು. ನೆಗಡಿ ಬಂತು ಅಂತ ಮೂಗು ಕೊಯ್ಯುವುದು ಅಂತಾರಲ್ಲ, ಅದೇ. ಬಂದ್ ಮಾಡಿದ್ರಿಂದ ನಿಜವಾಗಿ ಪ್ರಯೋಜನ ಆಯ್ತಾ ಅಂತ ಲೆಕ್ಕ ಇಟ್ಟವರಾದ್ರೂ ಯಾರು? ಸಂಸತ್ತಿನ ಸ್ಥಾಯಿ ಸಮಿತಿಯೇ 2021ರ ಡಿಸೆಂಬರಿನಲ್ಲಿ ಹೇಳಿತು, ದೂರಸಂಪರ್ಕ ಇಲಾಖೆಯಲ್ಲಾಗಲಿ ಗೃಹ ಇಲಾಖೆಯಲ್ಲಾಗಲಿ ಎಷ್ಟು ಸಲ ಬಂದ್ ಮಾಡಿದ್ದು ಅಂತ ದಾಖಲೆ ಇಲ್ಲ ಅಂತ. ಲೆಕ್ಕ ಇಟ್ಟದ್ದು ಆಕ್ಸೆಸ್ ನೌ ಅನ್ನುವ ಸಂಸ್ಥೆ, ಅವರ ಪ್ರಕಾರ ಭಾರತದಲ್ಲಿ 2023ರಲ್ಲಿ 116 ಸಲ, 2024ರಲ್ಲಿ 84 ಸಲ. ಪರೀಕ್ಷೆಯಲ್ಲಿ ಕಾಪಿ ತಡೀಲಿಕ್ಕೆ ಅಂತ ರಾಜಸ್ಥಾನದಲ್ಲಿ, ಅಸ್ಸಾಮಿನಲ್ಲಿ, ಜಾರ್ಖಂಡಿನಲ್ಲಿ ಲಕ್ಷಗಟ್ಟಲೆ ಜನರ ನೆಟ್ ತೆಗೆದಿದ್ದಾರೆ. ಜಾರ್ಖಂಡ್ ಹೈಕೋರ್ಟು 2024ರ ಸೆಪ್ಟೆಂಬರಿನಲ್ಲಿ, ಇನ್ನು ಪರೀಕ್ಷೆಗೆ ಅಂತ ನಮ್ಮನ್ನು ಕೇಳದೆ ನೆಟ್ ಬಂದ್ ಮಾಡ್ಬೇಡಿ ಅಂತ ಹೇಳಬೇಕಾಗಿ ಬಂತು. ಕಾಶ್ಮೀರದವರು 2019ರ ಆಗಸ್ಟಿನಿಂದ 2021ರ ಫೆಬ್ರವರಿ ವರೆಗೆ 4ಜಿ ಇಲ್ಲದೆ ಇದ್ರು. ನಮ್ಮದು ಎರಡು ದಿನ. ಆ ಎರಡು ದಿನ ಇಷ್ಟು ಉದ್ದ ಆಗಿದ್ರೆ ಅವರದ್ದು ಹೇಗಿದ್ದಿರಬಹುದು ಅಂತ ನಂಗೆ ಯೋಚನೆ ಮಾಡ್ಲಿಕ್ಕೂ ಆಗುವುದಿಲ್ಲ.

ಕಾನೂನು ನಮ್ಮ ಕಡೆಗೇ ಉಂಟು. 2019ರ ಸೆಪ್ಟೆಂಬರಿನಲ್ಲಿ, ಮಂಗಳೂರಿನ ಬಂದಿಗೆ ಮೂರೇ ತಿಂಗಳು ಮೊದಲು, ಹಾಸ್ಟೆಲಿನಲ್ಲಿ ಮೊಬೈಲ್ ಬಳಸಬಾರದು ಅನ್ನುವ ನಿಯಮ ಒಪ್ಪದೆ ಹೊರಬಿದ್ದ ಫಹೀಮಾ ಶಿರಿನ್ ಅನ್ನುವ ವಿದ್ಯಾರ್ಥಿನಿಯ ಕೇಸಿನಲ್ಲಿ ಕೇರಳ ಹೈಕೋರ್ಟು ಹೇಳಿತು, ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗ ಅಂತ. 2020ರ ಜನವರಿ 10ಕ್ಕೆ, ಕಾಶ್ಮೀರದ ನೆಟ್ ಬಂದ್ ಪ್ರಶ್ನೆ ಮಾಡಿದ ಅನುರಾಧಾ ಭಸೀನ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿತು, ಲೆಕ್ಕವಿಲ್ಲದಷ್ಟು ದಿನ ಬಂದ್ ಮಾಡುವ ಹಾಗಿಲ್ಲ, ಆದೇಶ ಜನರಿಗೆ ಸಿಗುವ ಹಾಗೆ ಪ್ರಕಟ ಮಾಡಬೇಕು, ಅದನ್ನು ಕೋರ್ಟಿನಲ್ಲಿ ಪ್ರಶ್ನೆ ಮಾಡ್ಲಿಕ್ಕೆ ಜನರಿಗೆ ಆಗಬೇಕು. ನೆಟ್ ಬಂದ್ ಮಾಡುವ ಬಗ್ಗೆ ಕೇಂದ್ರದ 2024ರ ನಿಯಮದಲ್ಲೂ ಅದೇ ಉಂಟು, ಕಾರಣ, ಯಾವ ಪ್ರದೇಶ, ಎಷ್ಟು ದಿನ ಅಂತ ಬರೆದು ಪ್ರಕಟ ಮಾಡಬೇಕು, 15 ದಿನಕ್ಕಿಂತ ಜಾಸ್ತಿ ಇಲ್ಲ, ಐದು ಕೆಲಸದ ದಿನದೊಳಗೆ ಸಮಿತಿ ಕೂತು ನೋಡಬೇಕು. ಇಷ್ಟೆಲ್ಲ ಕಾಗದದಲ್ಲಿ ಉಂಟು. ನಮ್ಮ ಅಂಗಡಿಯ ಗೋಡೆಯವರೆಗೆ ಬರಬೇಕು, ಅಷ್ಟೆ ನಾನು ಕೇಳುವುದು.

ಆದೇಶ ಮಾಡಿದ್ರೆ ಅದನ್ನು ಬಂದ್ ಆಗುವ ಮೊದಲು ಹೇಳಿ, ನೆಟ್ ತೆಗೆದ ಮೇಲೆ ವೆಬ್‌ಸೈಟಿನಲ್ಲಿ ಹಾಕಿದ್ರೆ ಯಾರು ನೋಡುವುದು. ಎಸ್ಸೆಮ್ಮೆಸ್ ಮಾಡಿ, ಆಕಾಶವಾಣಿಯಲ್ಲಿ ಹೇಳಿಸಿ, ಮಂಗಳೂರು ಸ್ಟೇಷನ್ ಇಲ್ಲಿಗೂ ಕೇಳ್ತದೆ. ಯಾವುದು ನಡೀತದೆ ಯಾವುದು ನಿಲ್ತದೆ ಅಂತ ಬಿಡಿಸಿ ಬರೀರಿ, ಕಾಲ್ ಉಂಟಾ, ಎಸ್ಸೆಮ್ಮೆಸ್ ಉಂಟಾ, ಬ್ರಾಡ್‌ಬ್ಯಾಂಡ್ ಉಂಟಾ. ಆಸ್ಪತ್ರೆಗೆ, ಲ್ಯಾಬಿಗೆ, ಮೆಡಿಕಲ್ ಶಾಪಿಗೆ ಬೇರೆ ವ್ಯವಸ್ಥೆ ಮಾಡಿ. ಬಂದ್ ಇದ್ದ ಜಿಲ್ಲೆಯವರಿಗೆ ಅರ್ಜಿಯ ಕೊನೆಯ ದಿನ ತನ್ನಿಂದ ತಾನೇ ಮುಂದಕ್ಕೆ ಹೋಗುವ ಹಾಗೆ ಮಾಡಿ, ಇದಕ್ಕೆ ಖರ್ಚೇ ಇಲ್ಲ. ಗಡಿಯ ಟವರಿನ ವಿಷಯ ಎರಡೂ ರಾಜ್ಯದವರು ಕೂತು ಮಾತಾಡಿ, ಕರ್ನಾಟಕದ ಆದೇಶಕ್ಕೆ ಕೇರಳದ ಮನೆಯ ಅಂಗಳದಲ್ಲಿ ನೆಟ್ ಹೋಗ್ತದೆ, ದೂರು ಕೊಡ್ಲಿಕ್ಕೆ ಹೋದ್ರೆ ಅದು ನಮ್ಮದಲ್ಲ ಅಂತ ಎರಡೂ ಕಡೆ ಹೇಳ್ತಾರೆ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಕರ್ನಾಟಕದವರು ಗಡಿಯ ನಮ್ಮ ದಾರಿಗಳಿಗೆ ಮಣ್ಣು ಸುರಿದಾಗ ಇದೇ ಅನುಭವ ಆಯ್ತು. ಆಗ ದಾರಿ ಇರ್ಲಿಲ್ಲ ಆದ್ರೆ ನೆಟ್ ಇತ್ತು, ಮಾವನ ಡಾಕ್ಟರು ವಿಡಿಯೋದಲ್ಲಿ ಕಾಲಿನ ಬಾವು ನೋಡಿ ಮಾತ್ರೆ ಹೇಳಿದ್ರು. ಎರಡೂ ಒಟ್ಟಿಗೆ ಇಲ್ಲದ ದಿನ ನಮಗೆ ಬಾರದಿರಲಿ.

ಮತ್ತೆ ವಿಪಿಎನ್ ಬಳಸುವವನನ್ನು, ಒಂದು ಆ್ಯಪ್ ನಿಂತಾಗ ಇನ್ನೊಂದು ಹುಡುಕುವವನನ್ನು ಕಳ್ಳನ ಹಾಗೆ ನೋಡ್ಬೇಡಿ. ದೇಶದಲ್ಲಿ ವಿಪಿಎನ್ ನಿಷೇಧ ಇಲ್ಲ, ಆದ್ರೆ 2022ರಲ್ಲಿ ಕೇಂದ್ರ ಸರಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್, ಬಳಕೆದಾರರ ಮಾಹಿತಿ ಐದು ವರ್ಷ ಇಟ್ಟುಕೊಳ್ಳಿ ಅಂತ ವಿಪಿಎನ್ ಕಂಪೆನಿಗಳಿಗೆ ಹೇಳಿದ ಮೇಲೆ ಕೆಲವು ದೊಡ್ಡ ಕಂಪೆನಿಗಳು ಇಲ್ಲಿಯ ಸರ್ವರನ್ನೇ ತೆಗೆದವು. ಒಳ್ಳೆಯವರು ಹೋದ ಜಾಗಕ್ಕೆ ಊರು ಹೆಸರಿಲ್ಲದ ಫ್ರೀ ಆ್ಯಪ್‌ಗಳು ಬರ್ತವೆ, ಮೋಸ ಹೋಗುವವರು ನಮ್ಮ ಊರಿನ ಮಕ್ಕಳು. ಒಂದು ವೆಬ್‌ಸೈಟ್ ಬ್ಲಾಕ್ ಮಾಡಿದ್ರೆ ಯಾಕೆ ಅಂತ ಅಲ್ಲೇ ಬರೀರಿ, ಅದು ಗುಟ್ಟಿನಲ್ಲಿ ಆಗುವ ಕೆಲಸ ಆಗಬಾರದು.

ಕೊನೆಗೆ ಭಾಷೆಯ ವಿಷಯ. ಕಾಸರಗೋಡಿನ ಕನ್ನಡಿಗರು ಕನ್ನಡದಲ್ಲಿ ಬರೆದ್ರೆ ಸರಕಾರದ ಉತ್ತರವೂ ಕನ್ನಡದಲ್ಲಿ ಬರಬೇಕು ಅಂತ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಉಂಟು. ಹಾಗಾಗಿ ಈ ಜಿಲ್ಲೆಯಲ್ಲಿ ಯಾವತ್ತಾದ್ರೂ ಇಂಥ ಆದೇಶ ಬಂದ್ರೆ ಇಂಗ್ಲಿಷ್ ಮಲಯಾಳದ ಒಟ್ಟಿಗೆ ಕನ್ನಡದಲ್ಲೂ ಬರಲಿ, ಗಡಿ ಆಚೆಯ ಆದೇಶದ ಒಂದು ಪ್ರತಿ ನಮ್ಮ ಪಂಚಾಯತ್ ಆಫೀಸಿಗೂ ಬರಲಿ. ಅಲ್ಲಿಂದ ಒಂದು ತಂದು ನನ್ನ ಅಂಗಡಿಯ ಬಾಗಿಲಿಗೆ ನಾನೇ ಅಂಟಿಸ್ತೇನೆ, ಓದ್ಲಿಕ್ಕೆ ಬಾರದವರಿಗೆ ಓದಿ ಹೇಳ್ತೇನೆ. ಶನಿವಾರ ಬೆಳಿಗ್ಗೆ ಏಳೂವರೆಗೇ ಬಾಗಿಲು ತೆಗೀತೇನೆ, ಗಡಿ ಆಚೆಯಿಂದ ಯಾರು ಬಂದ್ರೂ ವೈಫೈ ಪಾಸ್‌ವರ್ಡ್ ಕೊಡ್ತೇನೆ.

ಇತಿ,
ಬಾಯಾರಿನ ಒಬ್ಬ ಅಂಗಡಿಯವ